ಒಳಗಿನ ಹುಳಿ

ಎರಡು ಬಸಿರು ನಿಲ್ಲದೆ ಹೋಗಿದ್ದವು. ಮೂರನೆಯದು ಐದು ತಿಂಗಳಾದಾಗ ಹೆಂಡತಿಗೆ ಬಿಳಿ ಹೋಗುವುದು, ಉರಿ ಶುರುವಾಯಿತು. ಹಿಂದಿನ ಎರಡು ಸಲವೂ ಹೀಗೇ ಆಗಿತ್ತು. ಇದೂ ಹೋಗುತ್ತದೆ ಅಂದುಕೊಂಡೆ. ಅಳು ಬರಲಿಲ್ಲ.

ಆಗ ರಿಪ್ಪನ್‌ಪೇಟೆಯಲ್ಲಿ ನನ್ನದೊಂದು ಹೋಟೆಲಿತ್ತು. ಶಾಲೆಯನ್ನು ಅರ್ಧಕ್ಕೇ ಬಿಟ್ಟವನು ಸ್ವಂತ ದುಡಿಮೆಯಲ್ಲಿ ಕಟ್ಟಿದ್ದು. ಮನೆಯಲ್ಲಿ ಅಮ್ಮನದು ಕಟ್ಟಾ ಮಡಿ. ಗಾಯ ತೊಳೆಯುವ ಔಷಧಿಯನ್ನು ಬಿಸಿನೀರಿಗೆ ಹಾಕಿ ಜನನಾಂಗದ ಒಳಗೂ ತೊಳೆದುಕೊಂಡು ಬಂದರೆ ಮಾತ್ರ ಸೊಸೆಗೆ ಅಡುಗೆಮನೆ. ಅವಳು ದಿನಾ ಹಾಗೇ ಮಾಡುತ್ತಿದ್ದಳು. ಕೂರಲಿಕ್ಕೂ ಆಗದಷ್ಟು ಉರಿಯಾದಾಗ ತೀರ್ಥಹಳ್ಳಿಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಒಳಗೆ ಔಷಧಿ ಹಾಕಿ ತೊಳೀರಿ ಅಂತ ಯಾರಮ್ಮಾ ಹೇಳಿದ್ದು?" ಎಂದು ಡಾಕ್ಟರು ರೇಗಿದರು.

ಹೆಂಡತಿ ನನ್ನ ಮುಖ ನೋಡಿದಳು. "ನಮ್ಮಮ್ಮ" ಅಂದೆ.

"ಅಲ್ಲಿ ಒಳ್ಳೇ ಜೀವಾಣು ಇರ್ತಾವೆ ಕಣ್ರೀ. ಮೊಸರು ಮಾಡೋ ಜಾತಿಯವು. ಹುಳಿ ಮಾಡಿ ಕೆಟ್ಟದ್ದನ್ನ ಹತ್ರ ಸೇರಿಸಲ್ಲ. ಮೈ ಕಾಯೋ ಶಕ್ತಿಗೂ ಅವು ಪರಿಚಯದವು, ಅವನ್ನ ಕಂಡರೆ ಸುಮ್ನಿರುತ್ತೆ. ನೀವು ಅವನ್ನೇ ಕೊಂದ್ರಿ. ಈಗ ಕೆಟ್ಟವು ನುಗ್ಗಿದಾವೆ, ಮೈ ಎದ್ದು ಬಡಿದಾಡ್ತಿದೆ. ಉರಿ ಅದರದ್ದೇ. ಈ ಜಗಳ ಗರ್ಭದ ತನಕ ಹೋದ್ರೆ ಮಗು ನಿಲ್ಲದೆ ಇರಬಹುದು."

ಮಾತ್ರೆ ಬರೆದುಕೊಟ್ಟರು.

ಮನೆಗೆ ಬಂದು, "ಅಮ್ಮ, ಆ ತೊಳೆಯೋದು ಇವತ್ತಿಂದ ಬೇಡ" ಅಂದೆ.

"ಗಂಡಸಾಗಿ ಇಂಥಾ ಮಾತಾಡಕ್ಕೆ ನಾಚಿಕೆ ಆಗಲ್ವನಾ ನಿಂಗೆ?"

"ಹೆಪ್ಪು ಹಾಕಿದ ಹಾಲಿಗೆ ಆ ಔಷಧಿ ಹೊಯ್ದರೆ ಮೊಸರಾಗ್ತದಾ?"

"ಮೊಸರಿಗೂ ಬಸಿರಿಗೂ ಎಂತ ಸಂಬಂಧನಾ? ತೊಳೀದೆ ನನ್ನ ಒಲೆ ಹತ್ರ ಬರಾದು ಬ್ಯಾಡ."

"ಬರಲ್ಲ ಬಿಡು. ಅವಳ ಊಟ ಹೋಟೆಲಿಂದ ಬರ್ತದೆ."

ಹೆರಿಗೆಯಾಗುವ ತನಕ ಹಾಗೇ ನಡೆಯಿತು. ಊರಿಗೆಲ್ಲ ಅನ್ನ ಹಾಕುವವನ ಹೆಂಡತಿ ಸ್ವಂತ ಮನೆಯ ಜಗುಲಿಯಲ್ಲಿ ಕ್ಯಾರಿಯರ್ ಬಿಚ್ಚಿ ಉಣ್ಣುತ್ತಿದ್ದಳು. ಉರಿ ಇಳಿಯಿತು. ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ನನಗೆ ಅದೂ ತಟ್ಟಲಿಲ್ಲ.

ತಿಂಗಳು ತುಂಬಿಯೇ ಹೆಣ್ಣು ಮಗು ಹುಟ್ಟಿತು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದರು.

"ಎಂತ ಸಾವ್ಕಾರ್ರೇ, ಮಗು ಇಷ್ಟು ಜೋರಾಗಿ ಅಳ್ತಿದೆ, ನೀವು ಕಂಬದ ಹಂಗೆ ನಿಂತಿದೀರಲ್ಲ. ತಗಳಿ."

ಕೈ ಚಾಚಿದೆ. ಭಾರ ಗೊತ್ತಾಯಿತು. ಬಿಸಿ ಗೊತ್ತಾಯಿತು. ಸಂತೋಷ ಬರಬಹುದು ಎಂದು ಹಾಗೇ ಹಿಡಿದುಕೊಂಡು ನಿಂತಿದ್ದೆ.