ನಾನು ಬಿಚ್ಚಿದ ನಾರಿನ ಗಂಟು

ಮಾದಮ್ಮ, ಆ ಬೇರು ಅದಲುಬದಲು ಮಾಡಿದವನು ನಾನು. ನೀವಲ್ಲ. ಏಳು ವರ್ಷ ಇದನ್ನು ನುಂಗಿಕೊಂಡು ಲಷ್ಕರ್ ಮೊಹಲ್ಲಾದ ಅದೇ ಗಿಡಮೂಲಿಕೆ ಅಂಗಡಿಯಲ್ಲಿ ಕೂತಿದ್ದೇನೆ — ಯಾರಾದರೂ ಅವಸರದಲ್ಲಿ ಮೆಟ್ಟಿಲು ಹತ್ತಿದರೆ ಈಗಲೂ ಮೊದಲು ಅವರ ಕೈಯಲ್ಲಿ ಪ್ಯಾಕೆಟ್ ಇದೆಯೇ ಎಂದು ನೋಡುತ್ತೇನೆ.

ಕಾಡಿನ ಸೋಲಿಗರ ಹಟ್ಟಿ, ನಿಮ್ಮ ಪೋಡಿನಿಂದ ಚೀಲ ಹೊತ್ತು ಬಸ್ಸಿನಲ್ಲಿ ಬರುತ್ತಿದ್ದಿರಿ. ಹೊಟ್ಟೆಗೆ ಕೊಡುವ ಬೇರಿಗೆ ನಾರಿನ ಒಂದು ಗಂಟು, ಮೈಗೆ ಮಾತ್ರ ಹಚ್ಚುವ ವಿಷದ ಬೇರಿಗೆ ಎರಡು — ನಿಮ್ಮ ತಾಯಿ ಕಲಿಸಿದ ರೀತಿ. ಒಣಗಿದರೆ ಎರಡೂ ಒಂದೇ ತರ.

"ಗಂಟು ಬಿಚ್ಚಬ್ಯಾಡಿ ಸಾವ್ಕಾರ್ರೇ, ತಗೊಂಡೋರು ಮನೇಲಿ ಬಿಚ್ಕೊಳ್ಲಿ."

ಊರಿಗೆಲ್ಲ ಬುದ್ಧಿ ಹೇಳುವವನು ನಾನು, ನಿಮಗೂ ಹೇಳಿದೆ. "ಈ ನಾರು ನೋಡಿದ್ರೆ ಕುವೆಂಪುನಗರದೋರು ಮುಟ್ಟಲ್ಲ ಕಣಮ್ಮ. ಪ್ಯಾಕೆಟ್ ಇದ್ರೇನೇ ಮರ್ಯಾದೆ."

ನಕ್ಕಿರಿ. "ಪ್ಯಾಕೆಟ್ಟು ಬಾಯ್ಬುಟ್ಟು ಹೇಳ್ತದಾ, ನನ್ನ ಕುಡೀಬ್ಯಾಡಿ ಅಂತ?"

ಒಂದು ಮಧ್ಯಾಹ್ನ ಗಂಟುಗಳನ್ನೆಲ್ಲ ಬಿಚ್ಚಿದೆ. ತೊಳೆದು ಎರಡು ಮೊರಗಳಲ್ಲಿ ಹರಡಿ, ಫೋನ್ ಬಂತೆಂದು ಎದ್ದು ಹೋಗಿ ಬಂದೆ. ಒಂದು ಗಂಟಿನ ಬೇರು ಹರಡಿದ್ದ ಮೊರ ಯಾವುದು — ಎಡಗಡೆಯದೋ... ಗೊತ್ತಾಗಲಿಲ್ಲ. ಗೊತ್ತಿಲ್ಲವೆಂದು ಗೊತ್ತಿದ್ದೂ ಪ್ಯಾಕೆಟ್ ಮಾಡಿದೆ.

ಕುಂಬಾರಕೊಪ್ಪಲಿನ ಟೀಚರಮ್ಮ ಆ ಪ್ಯಾಕೆಟ್ಟಿನ ಬೇರಿನ ಕಷಾಯ ಕುಡಿದರು. ನಾಲಿಗೆ ಮರಗಟ್ಟಿ, ವಾಂತಿಯಾಗಿ, ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡರು. ಅವರ ಗಂಡ ಅಂಗಡಿಗೆ ನುಗ್ಗಿ, "ಯಾರ್ರೀ ಇದನ್ನ ಕೊಟ್ಟಿದ್ದು?" ಎಂದಾಗ ನೀವು ಅಲ್ಲೇ ಚೀಲ ಇಳಿಸುತ್ತಿದ್ದಿರಿ. ಪೊಲೀಸು, ಕೋರ್ಟು, ಅಂಗಡಿಗೆ ಬೀಗ — ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಬೆರಳು ತೋರಿಸಿದೆ.

"ಇವ್ರೇ ಸಾರ್. ಗುರುತು ತಪ್ಪಿ ತಂದ್ಬುಟ್ಟವ್ರೆ."

ನಿಮ್ಮ ಕೈಗಳನ್ನೇ ನೋಡಿಕೊಂಡಿರಿ — ಗಂಟು ಹಾಕಿದ್ದ ಕೈಗಳನ್ನು. ಆಮೇಲೆ ಈ ಬೀದಿಯಲ್ಲಿ ಯಾರೂ ನಿಮ್ಮ ಚೀಲ ಇಳಿಸಿಕೊಳ್ಳಲಿಲ್ಲ.

ಮೊನ್ನೆ ನಿಮ್ಮ ಪೋಡಿನವರೊಬ್ಬರು ಹೇಳಿದರು. ನೀವೀಗ ಬೇರು ಕೀಳುವುದನ್ನೇ ಬಿಟ್ಟಿದ್ದೀರಂತೆ. ಮೊಮ್ಮಗಳು ಕೇಳಿಕೊಂಡರೂ ಗಿಡದ ಗುರುತು ಹೇಳಿಕೊಡುವುದಿಲ್ಲವಂತೆ. "ನಂಗೇ ತಪ್ಪೋಯ್ತದೆ ಕಣವ್ವ, ನಿಂಗೇನು ಹೇಳ್ಲಿ" ಅನ್ನುತ್ತೀರಂತೆ.

ಪೊಲೀಸರಿಗಿಂತ ಈ ಮಾತಿಗೆ ಹೆಚ್ಚು ಹೆದರಿದ್ದೇನೆ. ನಿಮ್ಮ ತಾಯಿಯಿಂದ ಬಂದದ್ದು ನನ್ನ ಒಂದು ಬೆರಳಿಗೆ ನಿಂತುಹೋಗುವುದಾದರೆ —

ನಿಮಗೆ ಓದು ಬಾರದು. ಈ ಕಾಗದ ಬರೆಯುವ ಧೈರ್ಯ ಬಂದದ್ದು ಅದಕ್ಕೇ; ಅದೂ ಹೇಡಿತನವೇ. ಭಾನುವಾರ ಮೊದಲು ಟೀಚರಮ್ಮನ ಮನೆಗೆ ಹೋಗುತ್ತೇನೆ, ಅಲ್ಲಿಂದ ನಿಮ್ಮ ಪೋಡಿಗೆ. ನಿಮ್ಮನ್ನೂ ಮೊಮ್ಮಗಳನ್ನೂ ಎದುರಿಗೆ ಕೂರಿಸಿ ಇದನ್ನು ಗಟ್ಟಿಯಾಗಿ ಓದುತ್ತೇನೆ.