ಮಾವನ ದುರ್ಬೀನು, ದೋರೊನ್‌ಬೆಕ್‌ರ ದಿಕ್ಸೂಚಿ

ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದು ಎನ್ನುವುದು ನಮ್ಮಲ್ಲಿನ ರೀತಿ. ಬರೆಯಬಾರದು ಎಂದು ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತೇನೆ: ನಮ್ಮ ಮಾವನ ಹೆಸರು ಅಸನ್‌ಗಾಜಿ. ಕರಾಕೋಲ್‌ನಿಂದ ನರೀನ್‌ವರೆಗೆ ಘಾಟಿ ಹತ್ತಿ ಇಳಿದು ಮೂವತ್ತು ವರ್ಷಕ್ಕೂ ಮಿಕ್ಕಿ ಲಾರಿ ಓಡಿಸಿದವರು. ಕಲ್ಲಿದ್ದಲು, ಹಿಟ್ಟು, ಕುರಿ, ಒಮ್ಮೆ ಇಡೀ ಒಂದು ಮದುವೆ ದಿಬ್ಬಣ, ಎಲ್ಲವನ್ನೂ ಸಾಗಿಸಿದ್ದಾರೆ. ಒಂದು ಸಲವೂ ದಾರಿ ತಪ್ಪಲಿಲ್ಲ ಎಂದು ಅವರು ಹೇಳಿಕೊಳ್ಳುತ್ತಾರೆ. ಇದ್ದದ್ದೇ ಒಂದು ದಾರಿ, ತಪ್ಪುವುದಕ್ಕೆ ಇನ್ನೊಂದು ಇರಬೇಕಲ್ಲ ಎಂದು ನಮ್ಮ ಅತ್ತೆ ಕಾಲಿಪಾ ಹೇಳುತ್ತಾರೆ.

ಅತ್ತೆಗೆ ಒಂದು ಅಭ್ಯಾಸ. ಸಮಾಧಾನವಾಗಿದ್ದಾಗ ಗಂಡನನ್ನು ‘ನೀನು’ ಎನ್ನುತ್ತಾರೆ. ಸಿಟ್ಟು ಬಂದಾಗ ‘ನೀವು’ ಶುರುವಾಗುತ್ತದೆ. ಹೋದ ವಸಂತವೆಲ್ಲ ನಮ್ಮ ಮನೆಯಲ್ಲಿ ಬರೀ ‘ನೀವು’.

ಅದಕ್ಕೆ ಕಾರಣ ದುರ್ಬೀನು. ಮಾವ ಬಿಷ್ಕೆಕ್‌ಗೆ ಹೋದದ್ದು ಬಟ್ಟೆ ಒಗೆಯುವ ಯಂತ್ರ ತರಲಿಕ್ಕೆ. ಸಂಜೆ ವ್ಯಾನಿನಿಂದ ಇಳಿಸಿದ್ದು ಮಾತ್ರ ಕಂಬಳಿ ಸುತ್ತಿದ ಒಂದು ಉದ್ದನೆಯ ಕೊಳವೆ, ಭಾರವಾದ ಒಂದು ಪೀಠ, ಅದಕ್ಕೆ ಜೋಡಿಸುವ ಪುಟ್ಟ ಮೋಟಾರು. ಹಳೆಯ ಗಡಿಯಾರ, ಕ್ಯಾಮೆರಾ ಮಾರುವ ಯಾರೋ ಸಂತೆಯಲ್ಲಿ ಕೊಟ್ಟನಂತೆ. ಅತ್ತೆ ಕಂಬಳಿ ಬಿಚ್ಚಿ ನೋಡಿ, ಮತ್ತೆ ಮುಚ್ಚಿ ಒಳಗೆ ಹೋದರು. ಆ ರಾತ್ರಿಯ ಊಟಕ್ಕೆ ಬರೀ ರೊಟ್ಟಿ.

ಮಾವನಿಗೆ ಈ ಆಸೆ ಹೊಸದೇನಲ್ಲ. ಘಾಟಿಯಲ್ಲಿ ಹಿಮ ಬಿದ್ದು ದಾರಿ ಕಟ್ಟಿದಾಗಲೆಲ್ಲ ಲಾರಿಯೊಳಗೆ ಕೂತು ಗಾಜಿನಾಚೆಯ ನಕ್ಷತ್ರ ನೋಡುತ್ತಿದ್ದರಂತೆ. ಏನನ್ನು ನೋಡುತ್ತಿದ್ದೇನೆ ಎಂದೇ ಗೊತ್ತಿಲ್ಲದೆ ಅಷ್ಟು ವರ್ಷ ನೋಡಿದೆ, ಈಗಲಾದರೂ ಹತ್ತಿರದಿಂದ ನೋಡುತ್ತೇನೆ ಎಂದರು. ಅದಕ್ಕೆ ನಾವ್ಯಾರೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಉತ್ತರ ದಿಕ್ಕು.

ವಿಷಯ ಇಷ್ಟೇ. ಆಕಾಶ ತಿರುಗಿದಂತೆ ದುರ್ಬೀನನ್ನೂ ತಿರುಗಿಸುವುದು ಆ ಮೋಟಾರಿನ ಕೆಲಸ. ಒಮ್ಮೆ ಚಂದ್ರನನ್ನು ಹಿಡಿದರೆ ಬಿಡದೆ ಹಿಂಬಾಲಿಸುತ್ತದೆ. ಆದರೆ ಪೀಠದ ಓರೆ ದಂಡ ಸರಿಯಾಗಿ ಉತ್ತರಕ್ಕೆ, ನಾವು ‘ಕಬ್ಬಿಣದ ಗೂಟ’ ಎನ್ನುವ ಧ್ರುವ ನಕ್ಷತ್ರಕ್ಕೆ, ಮುಖ ಮಾಡಿರಬೇಕು. ನಕ್ಷತ್ರ ಕಂಡರೆ ಒಂದೇ ಗಳಿಗೆಯ ಕೆಲಸ. ನಮ್ಮ ಅಂಗಳದಿಂದ ಅದು ಕಾಣುವುದಿಲ್ಲ. ಬೇಲಿಯ ಪಕ್ಕದಲ್ಲೇ ನೆರೆಯ ದೋರೊನ್‌ಬೆಕ್‌ರ ಪಾಪ್ಲರ್ ಮರಗಳು ಗೋಡೆ ಕಟ್ಟಿದಂತೆ ನಿಂತಿವೆ. ಎರಡು ಮರ ಕಡಿಯುತ್ತೀರಾ ಎಂದು ಮಾವ ಕೇಳಿದರು. ನಿಮ್ಮ ಮನೆಯನ್ನೇ ಆಚೆ ಸರಿಸಿಕೊಳ್ಳಿ ಎಂದು ಉತ್ತರ ಬಂತು.

ಉಳಿದದ್ದು ದಿಕ್ಸೂಚಿ. ಅದೂ ದೋರೊನ್‌ಬೆಕ್‌ರ ಹತ್ತಿರವೇ ಇತ್ತು. ಅವರು ನಮ್ಮ ಊರಿನ ಮಸೀದಿಯ ಹಿರಿಯರು. ಹಜ್‌ಗೆ ಹೋದಾಗ ತಂದ ಹಿತ್ತಾಳೆಯ ದಿಕ್ಸೂಚಿಯನ್ನು ಕರ್ಚೀಫಿನಲ್ಲಿ ಸುತ್ತಿ ಇಟ್ಟಿದ್ದರು. ಊರಿನ ಹೊಸ ಮಸೀದಿ ಕಟ್ಟುವಾಗ ಮೆಕ್ಕಾದ ದಿಕ್ಕು ನೋಡಿದ್ದು ಅದರಲ್ಲೇ. ಮರದ ಜಗಳ ಇನ್ನೂ ಬಿಸಿಯಾಗಿದ್ದರೂ ಅದನ್ನು ಕೊಟ್ಟರು. ಕೈ ತೊಳೆದು ಮುಟ್ಟಬೇಕು ಎಂದೂ ಹೇಳಿ ಕಳಿಸಿದರು.

ಅಷ್ಟರಲ್ಲಿ ಮಾವ ಅಂಗಳದ ನಡುವೆ, ಬಟ್ಟೆ ಒಣಗಿಸುವ ತಂತಿಯನ್ನು ಕಿತ್ತುಹಾಕಿ, ಎದೆಯೆತ್ತರದ ಕಾಂಕ್ರೀಟ್ ಕಂಬ ನಿಲ್ಲಿಸಿದ್ದರು. ಗಾಳಿಗೂ ಅಲ್ಲಾಡಬಾರದಂತೆ. ಕಂಬ ಒಣಗಿದ ಮೇಲೆ ಪೀಠ ಕೂರಿಸಿ, ಅದರ ಪಕ್ಕದಲ್ಲಿ ದಿಕ್ಸೂಚಿ ಇಟ್ಟು, ಸೂಜಿ ತೋರಿಸಿದ ಕಡೆಗೆ ದಂಡ ತಿರುಗಿಸಿದರು. ಸೂಜಿಯ ಉತ್ತರವೇ ನಿಜವಾದ ಉತ್ತರವಲ್ಲ, ನಿಮ್ಮ ಕಡೆ ಐದು ಡಿಗ್ರಿ ಸರಿಸಬೇಕು ಎಂದು ಸಂತೆಯವನು ಹೇಳಿದ್ದನಂತೆ. ಯಾವ ಕಡೆಗೆ ಎಂದು ನಾನು ಕೇಳಿದೆ. ಬಲಕ್ಕೆ, ಅದರಲ್ಲಿ ಕೇಳುವುದೇನಿದೆ ಎಂದರು.

ಮಧ್ಯಾಹ್ನದ ನಂತರ ಅರ್ಧ ಚಂದ್ರ ಮೇಲೆ ಬಂದ. ಹಗಲು ಚಂದ್ರನನ್ನು ಹಿಡಿಯುವುದು ಸುಲಭ, ಎಲ್ಲರೂ ಬನ್ನಿ ಎಂದು ಕರೆದರು. ಮೊದಲು ನಾನು ನೋಡಿದೆ. ಬೆಳ್ಳಗೆ, ಗುಳಿಗುಳಿಯಾಗಿ, ಚೆನ್ನಾಗಿತ್ತು. ನನ್ನ ಹಿಂದೆ ಅತ್ತೆ ಬಗ್ಗುವಷ್ಟರಲ್ಲಿ ಚಂದ್ರ ಅರ್ಧ ಜಾರಿದ್ದ. ಅತ್ತೆಯ ಹಿಂದೆ ನನ್ನ ಗಂಡ ಬಗ್ಗಿದಾಗ ಖಾಲಿ ಆಕಾಶ.

ಮತ್ತೆ ಹೊಂದಿಸಿದರು. ದಿಕ್ಸೂಚಿಯನ್ನು ಕಂಬದ ಆಚೆ ಇಟ್ಟರೆ ಸೂಜಿ ಒಂದು ಕಡೆ, ಈಚೆ ಇಟ್ಟರೆ ಇನ್ನೊಂದು ಕಡೆ. ಹೀಗೆ ಮಾರನೆಯ ದಿನ, ಅದರ ಮಾರನೆಯ ದಿನ. ಚಂದ್ರ ದಪ್ಪಗಾಗುತ್ತ ಹೋದ, ಮಾವನ ಮುಖ ಸಣ್ಣದಾಗುತ್ತ ಹೋಯಿತು. ಒಗೆದ ಬಟ್ಟೆಗಳನ್ನೆಲ್ಲ ನಾನು ಬೇಲಿಯ ಮೇಲೆ ಹರವುತ್ತಿದ್ದೆ.

ನನ್ನ ಗಂಡ ಒಂದು ದಿನ ಸಾಕಾಗಿ ಅಪ್ಪನಿಗೆ ಹೇಳಿದ, “ಅತಾ, ಮೋಟಾರು ಬಿಟ್ಹಾಕಿ. ಜಾರಿದಾಗ ಕೈಯಲ್ಲಿ ಒಂಚೂರು ತಳ್ಕೊಂಡ್ರೆ ಆಯ್ತಲ್ಲ.”

ಅದೊಂದು ಮಾತಿಗೆ ಮಾವ ಕೂಗಾಡಿದ ರೀತಿ ನೋಡಿ ನಾವು ಬೆಪ್ಪಾದೆವು. ಕೈಯಲ್ಲಿ ತಳ್ಳುವುದಕ್ಕೆ ಇದೇನು ಕೈಗಾಡಿಯೇ, ಮೋಟಾರು ಕೊಟ್ಟವನು ಮೂರ್ಖನೇ, ಮನೆಯಲ್ಲಿ ಒಬ್ಬರಿಗಾದರೂ ತಾಳ್ಮೆ ಇದೆಯೇ ಎಂದೆಲ್ಲ ಅಂದು ಕೊಟ್ಟಿಗೆಗೆ ಹೋಗಿ ಕೂತುಬಿಟ್ಟರು.

ಅಲ್ಲಿಗೂ ನಿಲ್ಲಲಿಲ್ಲ. ಅದೇ ಸಿಟ್ಟಿನಲ್ಲಿ ಬೇಲಿಯ ಬಳಿ ಹೋಗಿ, ಈ ದಿಕ್ಸೂಚಿಗೆ ತಲೆ ಕೆಟ್ಟಿದೆ, ಗಳಿಗೆಗೊಂದು ಉತ್ತರ ತೋರಿಸುತ್ತದೆ ಎಂದು ದೋರೊನ್‌ಬೆಕ್‌ಗೆ ಹೇಳಿದರು. ದೋರೊನ್‌ಬೆಕ್ ಕೈ ಚಾಚಿದರು. ದಿಕ್ಸೂಚಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡ ಮೇಲೆ, ಮರ್ಯಾದೆಗೆ ಮಾವನ ಹೆಸರು ಮೊಟಕು ಮಾಡಿ ಕೇಳಿದರು, “ಅಸಾಕೆ, ಹಾಗಾದ್ರೆ ನಮ್ಮ ಮಸೀದಿ ಸೊಟ್ಟಗಿದೆ ಅಂತೀರಾ?”

ಅಂಥ ಪ್ರಶ್ನೆಗೆ ಬುದ್ಧಿ ಇದ್ದವರು ಇಲ್ಲ ಎನ್ನುತ್ತಾರೆ. ನಮ್ಮ ಮಾವ, ಅಳೆದು ನೋಡಬೇಕು ಎಂದರು.

ಶುಕ್ರವಾರದ ಹೊತ್ತಿಗೆ ಇಡೀ ಊರಿನಲ್ಲಿ ಅದೇ ಮಾತು. ಇಷ್ಟು ವರ್ಷದ ನಮಾಜು ಯಾವ ಕಡೆಗೆ ಹೋಯಿತೋ ಎಂದು ಮುದುಕರು ಕೊರಗಿದರು. ಚೀನಾದ ಕಡೆಗೆ ಹೋಗಿರಬೇಕು ಎಂದು ಹುಡುಗರು ನಕ್ಕರು. ಕೊನೆಗೆ ಇಮಾಮರು ಎಲ್ಲರನ್ನೂ ಕೂರಿಸಿ, ದೂರದ ನಾಡಿನವರು ಮೆಕ್ಕಾದ ಕಡೆಗೆ ಮುಖ ಮಾಡಿದರೆ ಸಾಕು, ಕೂದಲೆಳೆ ಅಳೆಯಬೇಕಾಗಿಲ್ಲ ಎಂದು ಹೇಳಿ ಮುಗಿಸಿದರು. ಊರಿಗೆ ಮುಗಿಯಿತು. ದೋರೊನ್‌ಬೆಕ್‌ಗೆ ಮುಗಿಯಲಿಲ್ಲ. ದಾರಿಯಲ್ಲಿ ಮಾವ ಎದುರಾದರೆ ಕುರಿಗಳ ಕಡೆ ನೋಡುತ್ತ ಹೋಗುತ್ತಿದ್ದರು.

ಆ ವಾರವೇ ಒಂದು ಸಂಜೆ ಹಸುವಿಗೆ ನೀರಿಟ್ಟು ಬರುತ್ತಿದ್ದೆ. ಮಾವ ಕಂಬದ ಬಳಿ ಒಬ್ಬರೇ ನಿಂತು, ಕಣ್ಣಿಟ್ಟು ನೋಡುವ ಪುಟ್ಟ ಗಾಜಿನ ಬಿಲ್ಲೆಯನ್ನು ಕೊಳವೆಗೆ ತೂರಿಸಲು ನೋಡುತ್ತಿದ್ದರು. ಅದು ಕೊಳವೆಯ ಬಾಯಿಗೆ ತಾಗಿ ಟಕಟಕ ಎಂದು ಬಡಿಯುತ್ತಿತ್ತು. ತೂತು ಸಿಗುತ್ತಿರಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡರು. ಎರಡೂ ಕೈ ಸೇರಿ ನಡುಗಿದವು. ನನ್ನನ್ನು ಕಂಡು, ಚಳಿ ಎಂದರು. ಚಳಿ ಇರಲಿಲ್ಲ.

ಬಿಲ್ಲೆಯನ್ನು ಇಸಿದುಕೊಂಡು ನಾನೇ ತೂರಿಸಿದೆ. ಹಿಂದಿನ ವರ್ಷ ಮಂಡಿ ನೋವು ಎಂದು ಲಾರಿಯ ಕೀಲಿ ಮಗನ ಕೈಗೆ ಕೊಟ್ಟವರ ಮಂಡಿ, ಮಸೀದಿಗೂ ಸಂತೆಗೂ ನಡೆಯುವಾಗ ಯಾಕೆ ನೋಯುವುದಿಲ್ಲ ಎಂದು ಆಗ ಹೊಳೆಯಿತು. ಕೈಯಲ್ಲಿ ತಳ್ಳು ಎಂದರೆ ಸಿಟ್ಟು ಯಾಕೆ ಎಂದೂ ಹೊಳೆಯಿತು. ಅವರು ಮುಟ್ಟಿದರೆ ದುರ್ಬೀನಿನೊಳಗೆ ಚಂದ್ರ ಕುಣಿಯುತ್ತಾನೆ. ತಾನಾಗಿ ಓಡಿದರೆ ಮಾತ್ರ ಅವರು ನೋಡಬಲ್ಲರು.

ಅತ್ತೆಗೆ ಹೇಳದೆ ಇರಲು ಆಗಲಿಲ್ಲ. ಅವರು ಹಿಟ್ಟು ನಾದುತ್ತಿದ್ದವರು ತಲೆ ಎತ್ತಲಿಲ್ಲ.

“ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಮರ್ಯಾದೆಗೆ ಎಲ್ಲರಿಗೂ ಚಹಾ ಅರ್ಧ ಬಟ್ಟಲು ಹಾಕ್ತೀವಲ್ಲ, ಅವರಿಗೆ ಒಂದು ವರ್ಷದಿಂದ ಕಾಲು ಬಟ್ಟಲು ಹಾಕ್ತಿದೀನಿ. ಚೆಲ್ಲಬಾರದು ನೋಡು. ಅವರಾಗೇ ಹೇಳ್ಲಿ ಅಂತ ಕಾಯ್ತಾ ಇದೀನಿ. ಹೇಳೋರಾ? ಮುದುಕನ ತಲೆ ಕಾಂಕ್ರೀಟು.”

ಹಿಟ್ಟನ್ನು ಇನ್ನೆರಡು ಸಲ ಗುದ್ದಿ, ಹಾಗೇ ಎದ್ದು ಅಂಗಳಕ್ಕೆ ಹೋದರು. ನಾನು ಹಿಂದೆಯೇ ಹೋದೆ. ಮಾವ ಬೆನ್ನು ತಿರುಗಿಸಿ ನಿಂತಿದ್ದರು.

“ರೀ, ನೀವು ಇದನ್ನ ಈ ಜನ್ಮದಲ್ಲಿ ಸರಿ ಮಾಡಲ್ಲ,” ಎಂದರು ಅತ್ತೆ. “ಬಟ್ಟೆ ತಂತಿ ಕಿತ್ರಿ. ಊರಲ್ಲಿ ಜಗಳ ಹಚ್ಚಿದ್ರಿ. ಗಟ್ಟಿಯಾಗ್ಲಿ ಅಂತ ಲಾರಿಯ ಮುರಿದ ಆಕ್ಸಲ್ ಹಾಕಿ, ಸ್ಪ್ರಿಂಗ್ ಪಟ್ಟಿ ಹಾಕಿ, ಅರ್ಧ ಲಾರಿನೇ ಈ ಕಂಬದೊಳಗೆ ಹೂತ್ರಿ. ಇಷ್ಟೆಲ್ಲ ಆಗಿ ಚಂದ್ರ ಎಲ್ಲಿ?”

ಮಾವ ಮೆಲ್ಲಗೆ ತಿರುಗಿದರು. ಬೈಗುಳಕ್ಕೆ ಬೈಗುಳ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಕಂಬವನ್ನು ಮೇಲಿಂದ ಕೆಳಗೆ ನೋಡಿದರು. ಅಲ್ಲೇ ನೆಲದ ಮೇಲೆ ಕೂತರು.

“ಆಕ್ಸಲ್,” ಎಂದರು. “ಕಬ್ಬಿಣ. ಪಕ್ಕದಲ್ಲೇ ಇಟ್ಕೊಂಡು ಸೂಜಿ ನೋಡ್ತಿದ್ದೆ.”

ಅತ್ತೆಗೆ ತಾವು ಏನು ಕಂಡುಹಿಡಿದೆವು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರನ್ನು ತಡೆಯುವುದು ಕಷ್ಟವಾಯಿತು.

ಮಾರನೆಯ ದಿನ ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದು ಮಾಡಿದ ಬೋರ್ಸೋಕ್‌ನ ಒಂದು ಗಂಟು ಹಿಡಿದು ಮಾವ ದೋರೊನ್‌ಬೆಕ್‌ರ ಬಾಗಿಲಿಗೆ ಹೋದರು. ದಿಕ್ಸೂಚಿಯದೇನೂ ತಪ್ಪಿಲ್ಲ, ತಪ್ಪೆಲ್ಲ ನಮ್ಮ ಕಂಬದ್ದು ಎಂದರಂತೆ. ಒಪ್ಪಿಕೊಳ್ಳುವ ಮುಂಚೆ ದೋರೊನ್‌ಬೆಕ್ ಬೋರ್ಸೋಕ್ ಅರ್ಧ ಖಾಲಿ ಮಾಡಿದರಂತೆ. ಕೊನೆಗೆ ದಿಕ್ಸೂಚಿಯನ್ನು ಕೈಬಿಡದೆ ತಾವೇ ಹೊತ್ತು ತಂದರು. ದೂರದಿಂದ ಕಂಬದ ಕಡೆ ಒಂದೊಂದೇ ಹೆಜ್ಜೆ ಇಟ್ಟರು. ಸೂಜಿ ಮೊದಲು ನೆಟ್ಟಗಿತ್ತು, ಆಮೇಲೆ ಸ್ವಲ್ಪ ಅಲ್ಲಾಡಿತು, ಹತ್ತಿರ ಬಂದಾಗ ಪೂರ್ತಿ ತಿರುಗಿ ಕಂಬವನ್ನೇ ನೋಡಿತು. ದೋರೊನ್‌ಬೆಕ್‌ರ ಮುಖ ಅರಳಿತು.

“ದೇವರ ದಯೆ,” ಎಂದರು. “ನಮ್ಮ ಮಸೀದಿಯಲ್ಲಿ ಯಾರೂ ಲಾರಿ ಹೂತಿಲ್ಲ.”

ಅಲ್ಲೂ ಐದು ಡಿಗ್ರಿ ಇದ್ದೇ ಇರುತ್ತದೆ ಎನ್ನಲು ಮಾವ ಬಾಯಿ ತೆರೆದರು. ಅತ್ತೆ ಅವರ ತೋಳು ಚಿವುಟಿದರು.

ಕೆಲಸ ಹೇಗೆ ಮಾಡಿದೆವು ಎಂದರೆ, ಕಂಬಕ್ಕೆ ಹುರಿ ಕಟ್ಟಿ ಅದರ ತುದಿ ಹಿಡಿದು ನಾನು ಗೇಟು ದಾಟಿ ದಕ್ಷಿಣದ ಆಲೂಗಡ್ಡೆ ಹೊಲಕ್ಕೆ ಹೋದೆ. ಅಲ್ಲಿ ಕಬ್ಬಿಣದ ಗಾಳಿಯೂ ಇಲ್ಲ. ದೋರೊನ್‌ಬೆಕ್ ನನ್ನ ಪಕ್ಕದಲ್ಲೇ ದಿಕ್ಸೂಚಿ ನೋಡುತ್ತ, ಹುರಿಯೂ ಸೂಜಿಯೂ ಒಂದೇ ಗೆರೆಗೆ ಬರುವವರೆಗೆ ನನ್ನನ್ನು ಅತ್ತ ಸರಿ, ಇತ್ತ ಸರಿ ಎಂದು ಕುಣಿಸಿದರು. ಮಾವ ಆ ಹುರಿಯ ನೇರಕ್ಕೆ ದಂಡ ನಿಲ್ಲಿಸಿ, ಪೀಠದ ಬುಡದಲ್ಲಿದ್ದ ಗೆರೆಗಳನ್ನು ಎಣಿಸಿ, ಮತ್ತೆ ಐದು ಡಿಗ್ರಿ ಬಲಕ್ಕೆ ತಿರುಗಿಸಿದರು. ಚಂದ್ರನನ್ನು ಹಿಡಿದರು. ಮೊದಲಿನಷ್ಟು ಬೇಗ ಅಲ್ಲದಿದ್ದರೂ ಜಾರಿಯೇ ಜಾರಿದ.

“ಅತಾ, ಬಲಕ್ಕೇ ಯಾಕೆ?” ಎಂದು ಕೇಳಿದೆ. ಹುರಿ ಹಿಡಿದು ನನ್ನ ಕೈ ಸೋತಿತ್ತು, ರಾತ್ರಿಯ ಅಡುಗೆಗೂ ಇನ್ನೂ ಕೈ ಹಾಕಿರಲಿಲ್ಲ.

“ರಸ್ತೇಲಿ ಬಲಕ್ಕೇ ಹೋಗ್ಬೇಕು ಮಗಳೇ.”

ಅಂದರೆ ಅದಕ್ಕೆ ಬೇರೆ ಕಾರಣವೇ ಇರಲಿಲ್ಲ. ನಾವು ಮೂವರೂ ಅವರನ್ನೇ ನೋಡಿದೆವು. ಅವರು ಕೆಮ್ಮಿ, ಎಡಕ್ಕೂ ಒಂದು ಸಲ ನೋಡಿದರೆ ನಷ್ಟವಿಲ್ಲ ಎಂದರು. ಸೂಜಿ ನಮ್ಮ ಕಡೆ ನಿಜವಾದ ಉತ್ತರದಿಂದ ಪೂರ್ವಕ್ಕೆ ವಾಲುತ್ತದೆ, ಹಾಗಾಗಿ ಎಡಕ್ಕೇ ಬರಬೇಕಾದದ್ದು ಎಂದು ಆಮೇಲೆ ತಿಳಿಯಿತು. ಅಲ್ಲಿಯವರೆಗೆ ತಪ್ಪನ್ನು ತಿದ್ದುವ ಬದಲು ಅವರು ದುಪ್ಪಟ್ಟು ಮಾಡುತ್ತಿದ್ದರು.

ಎಡಕ್ಕೆ ತಿರುಗಿಸಿ, ಚಂದ್ರನನ್ನು ಹಿಡಿದು, ಮೋಟಾರು ಹಾಕಿದೆವು. ಅತ್ತೆ ನೋಡಿದರು. ದೋರೊನ್‌ಬೆಕ್ ಬಹಳ ಹೊತ್ತು ನೋಡಿದರು. ನಾನು ಒಳಗೆ ಹೋಗಿ ಒಲೆ ಹಚ್ಚಿ ಬಂದು ನೋಡಿದೆ. ಚಂದ್ರ ಅಲ್ಲೇ ಇದ್ದ. ಮಾವ ಕೊನೆಗೆ ಬಗ್ಗಿದರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಬೆನ್ನ ಹಿಂದಿನ ಬೆರಳುಗಳು ನಡುಗುತ್ತಿದ್ದುದು ನಮಗೆಲ್ಲ ಕಾಣುತ್ತಿತ್ತು. ದೋರೊನ್‌ಬೆಕ್ ಅದನ್ನು ನೋಡಿ ಅತ್ತೆಯ ಮುಖ ನೋಡಿದರು. ಅತ್ತೆ ತಲೆಯಾಡಿಸಿದರು.

“ಅಸಾಕೆ, ಕೈ ಯಾವಾಗಿಂದ ಹೀಗೆ?” ಎಂದು ದೋರೊನ್‌ಬೆಕ್ ಮೆಲ್ಲಗೆ ಕೇಳಿದರು.

ಮಾವ ಕಣ್ಣು ತೆಗೆಯದೆಯೇ ಹೇಳಿದರು, “ಹೋದ ವರ್ಷದ ಚಳಿಗಾಲದಿಂದ. ಘಾಟಿ ಇಳಿವಾಗ ಒಂದ್ಸಲ ಸ್ಟೇರಿಂಗು ಹಿಡಿಯೋಕಾಗ್ಲಿಲ್ಲ.”

ನೆರೆಯವರಿಗೆ ಹೇಳಿದ್ದನ್ನು ಮನೆಯವರಿಗೆ ಒಂದು ವರ್ಷ ಹೇಳಲಿಲ್ಲವಲ್ಲ ಎಂದು ನನಗೆ ಮೈ ಉರಿಯಿತು. ಅತ್ತೆ ಮಾತ್ರ ಬೈಯಲಿಲ್ಲ. “ಸೋಮವಾರ ಕರಾಕೋಲ್‌ಗೆ ಹೋಗೋಣ, ನೀನು ಡಾಕ್ಟರಿಗೆ ತೋರಿಸ್ಕೋ,” ಎಂದರು. ಎಷ್ಟೋ ತಿಂಗಳ ಮೇಲೆ ಮೊದಲ ‘ನೀನು’.

ಸೋಮವಾರ ಹೊರಟೆವು. ನನ್ನ ಗಂಡ ಕಾರು ಓಡಿಸಿದ, ಮಾವ ಅವನ ಪಕ್ಕದಲ್ಲಿ ಕೂತರು. ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಬರೆದುಕೊಟ್ಟರು, ನಡುಕ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಎಂದರು. ಕಡಿಮೆಯೂ ಆಗಿದೆ. ಆದರೆ ಆ ದಿನ ಹೋಗುವಾಗಲೂ ಬರುವಾಗಲೂ ಪ್ರತಿ ತಿರುವಿನಲ್ಲೂ ಮಾವ ಮಗನಿಗೆ ಗೇರು ಬದಲಿಸು, ಬ್ರೇಕು ಒತ್ತು, ಎದುರಿಗೆ ಹಸು ಎಂದು ಹೇಳುತ್ತಲೇ ಇದ್ದರು. ಮನೆ ಮುಟ್ಟುವಷ್ಟರಲ್ಲಿ ನನಗೂ ಒಂದು ಮಾತ್ರೆ ಬೇಕಾಗಿತ್ತು.