ಬೆರಳು ಇಡದ ಸಾಲು

ಕರಡು ತಿದ್ದುವವರ ಸಂಘದವರು ಹತ್ತು ವರ್ಷದ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ಅದರಲ್ಲಿ ಹಾಕಲು ನನ್ನ ಗಂಡ ಗೋವಿಂದಪ್ಪನವರ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದರು. ಹುಟ್ಟಿದ ಊರು, ಕಲಿತದ್ದು, ತೀರಿಕೊಂಡ ದಿನ, ಇಷ್ಟು ಸಾಕು ಎಂದರು. ಇಷ್ಟು ಸಾಲದು. ನಾನು ನಾಲ್ಕನೇ ಇಯತ್ತೆ ಕಲಿತವಳು. ಬರೆದು ರೂಢಿಯಿಲ್ಲ. ಓದಿ ರೂಢಿಯಿದೆ. ಅದನ್ನೇ ಹೇಳಬೇಕಾಗಿದೆ.

ಅವರು ಹುಟ್ಟಿದ್ದು ಧಾರವಾಡದ ಹತ್ತಿರದ ಮುಗದದಲ್ಲಿ. ನಮ್ಮ ಕೇರಿಯಲ್ಲಿ ಮೊದಲು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು ಅವರೇ. ಮಾಸ್ತರಿಕೆ ಸಿಗಲಿಲ್ಲ. ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ನಿಂತರು. ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ, ಎರಡು ಖೋಲಿ. ಮುಂಜಾನೆ ರೈಲಿನಲ್ಲಿ ಹೋಗುವುದು, ಸಂಜೆ ಬರುವುದು. ಕಿಸೆಯಲ್ಲಿ ಕೆಂಪು ಶಾಯಿಯ ಪೆನ್ನು. ಇದ್ದ ಮೂರು ಅಂಗಿಗೂ ಎದೆಯ ಮೇಲೆ ಕೆಂಪು ಕಲೆ. ಉಜ್ಜಿ ಉಜ್ಜಿ ಸಾಕಾಗಿ ಬಿಟ್ಟುಬಿಟ್ಟೆ.

ಆ ಕೆಲಸ ಒಬ್ಬರದಲ್ಲ, ಇಬ್ಬರದು. ಬರೆದವರ ಕೈಬರಹವನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಾದ ಕರಡಿನ ಮೇಲೆ ಕಣ್ಣಿಟ್ಟು ತಿದ್ದಬೇಕು. ಮಾಲಕರು ಓದುವವರನ್ನು ಕೊಡಲಿಲ್ಲ. ನಮ್ಮವರು ಕೈಬರಹ, ಕರಡು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದರು. ನನ್ನನ್ನು ಎದುರಿಗೆ ಕೂಡಿಸಿದರು.

"ಓದು."

"ನನಗ ಇದರ ಅರ್ಥ ಆಗೂದಿಲ್ರಿ."

"ಅರ್ಥ ಯಾರು ಕೇಳ್ಯಾರ? ಇದ್ದದ್ದು ಇದ್ದಾಂಗ ಓದು. ಸಾಲಿನ ಕೆಳಗ ಬೆರಳ ಇಡು. ಬೆರಳ ತಗದಿ ಅಂದ್ರ ಸಾಲು ಹಾರತೈತಿ, ನೋಡು."

ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಬಾಯಿಂದ ಹೇಳಬೇಕು. ಪಕ್ಕದ ಮನೆಯ ರೆಹಮತ್‌ಬಿ ಗೋಡೆಯ ಆಚೆಯಿಂದ ಕೇಳಿ ನಗುತ್ತಿದ್ದಳು. "ಏನವಾ ಶೇವಂತಿ, ಮುಂಜಾನೆದ್ದು ಗಂಡಗ ಪಾಠ ಹೇಳಾಕತ್ತೀಯಲ್ಲ! ಅಂವಾ ಒಂದ ಮಾತು ಎದುರಾಡೂದಿಲ್ಲ, ಪುಣ್ಯಾತ್ಮ." ಒಮ್ಮೆ ಹಾಲಿನವನಿಗೆ "ನೀರು ಹಾಕಬ್ಯಾಡ, ಪೂರ್ಣವಿರಾಮ" ಎಂದುಬಿಟ್ಟೆ. ಅವರು ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರು ಹಾಗೆ ನಕ್ಕಿದ್ದು ಎಷ್ಟು ಸಲ ಎಂದು ನನಗೆ ಎಣಿಸಿದ ಹಾಗೆ ನೆನಪಿದೆ.

ಸಂಘ ಹುಟ್ಟಿದ್ದು ಐವತ್ತೆಂಟರಲ್ಲಿ. ಹುಬ್ಬಳ್ಳಿ ಧಾರವಾಡದ ಒಂಬತ್ತು ಜನ. ಮಹಾಂತಯ್ಯನವರು ಅಧ್ಯಕ್ಷರು. ಎಲ್ಲರಿಗಿಂತ ಹಿರಿಯರು, ಧಾರವಾಡದ ಬೇರೆ ಛಾಪಖಾನೆಯಲ್ಲಿದ್ದವರು. ನಮ್ಮವರು ಕಾರ್ಯದರ್ಶಿ. ಆ ಜಾಗಕ್ಕೆ ನಮ್ಮ ಜಾತಿಯವರು ಯಾಕೆ ಎಂದು ಇಬ್ಬರು ಗೊಣಗಿದರಂತೆ. ಮಹಾಂತಯ್ಯನವರು ನಮ್ಮ ಮನೆಗೆ ಬಂದು ಎರಡು ಕಪ್ ಚಹಾ ಕುಡಿದರು. ಮುಂದಿನ ಸಭೆಯಲ್ಲಿ, "ಗೋವಿಂದಪ್ಪನ ಮನಿ ಚಹಾ ಛಲೋ ಇರ್ತೈತಿ" ಎಂದು ಎಲ್ಲರ ಎದುರು ಹೇಳಿದರು. ಗೊಣಗುವುದು ನಿಂತಿತು. ಮಾಳಮಡ್ಡಿಯ ಒಂದು ಖೋಲಿಯಲ್ಲಿ ತಿಂಗಳಿಗೊಂದು ರವಿವಾರ ಸಭೆ. ಆ ದಿನ ಇವರು ಕಲೆ ಕಡಿಮೆಯಿದ್ದ ಅಂಗಿಯನ್ನು ಹುಡುಕಿ ಹಾಕಿಕೊಳ್ಳುತ್ತಿದ್ದರು.

ಸಂಘ ಮಾಲಕರಿಂದ ಕೇಳಿದ್ದು ಒಂದೇ. ಪ್ರತಿ ಛಾಪಖಾನೆಯಲ್ಲೂ ಓದುವವರನ್ನು ಇಡಿ. ಅದಕ್ಕಾಗಿ ತಾವೂ ಒಂದು ನಿಯಮ ಹಾಕಿಕೊಂಡರು. ಮನೆಯವರಿಂದ ಓದಿಸಬಾರದು. ಹೆಂಡತಿ ಮಕ್ಕಳು ಬಿಟ್ಟಿ ಓದಿದರೆ ಮಾಲಕರು ಜನ ಯಾಕೆ ಇಡುತ್ತಾರೆ? ನಿಯಮ ಬರೆದವರು ನಮ್ಮವರೇ. ಬರೆದ ಮರುದಿನ ಮುಂಜಾನೆ ಮತ್ತೆ ಚೀಲ ಬಿಚ್ಚಿದರು.

"ಮಾಲಕರು ಒಪ್ಪೂತನ ಅಷ್ಟ. ಯಾರ ಮುಂದೂ ಹೇಳಬ್ಯಾಡ."

ಅದು ಅವರ ತಪ್ಪು. ತೀರಿಕೊಂಡವರೆಂದು ಮುಚ್ಚಿಡುವುದಿಲ್ಲ. ಮುಂದಿನದು ನನ್ನದು.

ಅರವತ್ಮೂರರಲ್ಲಿ ಹಳ್ಳಿಯ ಸೂಲಗಿತ್ತಿಯರಿಗೆ ಕಲಿಸುವ ಒಂದು ಚಿಕ್ಕ ಪುಸ್ತಕ ಅಚ್ಚಿಗೆ ಬಂತು. ಆ ಮುಂಜಾನೆ ಹೊತ್ತಾಗಿತ್ತು. ರೈಲು ತಪ್ಪುತ್ತದೆ ಎಂದು ಅವರು ಅವಸರ ಮಾಡುತ್ತಿದ್ದರು. ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾ ಓದಿದೆ. ಕೈಬರಹವನ್ನು ಕೊಡಕ್ಕೆ ಆನಿಸಿ ಇಟ್ಟಿದ್ದೆ. ಎರಡೂ ಕೈ ಹಿಟ್ಟು. ಬೆರಳು ಇಡಲಿಲ್ಲ.

ಕೈಬರಹದಲ್ಲಿ ಹೀಗಿತ್ತು. "ಮೊದಲು ಕೈಗಳನ್ನು ಸಾಬೂನು ಹಚ್ಚಿ ಕಾಯ್ದಾರಿದ ನೀರಿನಲ್ಲಿ ತೊಳೆಯಬೇಕು. ಕತ್ತರಿಯನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿ ಇಟ್ಟು ತೆಗೆಯಬೇಕು." ಹಾಳೆಯಲ್ಲಿ ಒಂದರ ಕೆಳಗೊಂದು ಎರಡೂ ಸಾಲು ನೀರಿನಲ್ಲಿ ಎಂಬಲ್ಲಿಗೇ ಮುಗಿದಿದ್ದವು. ಅಚ್ಚಿನ ಮೊಳೆ ಜೋಡಿಸುವವನ ಕಣ್ಣು ಮೊದಲ ನೀರಿನಿಂದ ಎರಡನೆಯ ನೀರಿಗೆ ಹಾರಿತ್ತು. ನನ್ನ ಕಣ್ಣೂ ಅಲ್ಲೇ ಹಾರಿತು. ನಾನು ಓದಿದ್ದು, "ಮೊದಲು ಕೈಗಳನ್ನು ಸಾಬೂನು ಹಚ್ಚಿ ಕಾಯ್ದಾರಿದ ನೀರಿನಲ್ಲಿ ಇಟ್ಟು ತೆಗೆಯಬೇಕು, ಪೂರ್ಣವಿರಾಮ." ಕರಡಿನಲ್ಲಿಯೂ ಅಷ್ಟೇ ಇತ್ತು. ಅವರು ನನ್ನ ದನಿಯನ್ನು ನಂಬಿ ಮುಂದೆ ಹೋದರು. ರೈಲು ಸಿಕ್ಕಿತು.

ಪುಸ್ತಕ ಹಳ್ಳಿಗಳಿಗೆ ಹೋಗಿ ಮೂರು ವಾರವಾಗಿತ್ತು. ಸೂಲಗಿತ್ತಿಯರಿಗೆ ಕಲಿಸುವ ನರ್ಸಬಾಯಿ ಅಖ್ತರಬೇಗಂ ಛಾಪಖಾನೆಗೆ ಬಂದು ಪುಸ್ತಕವನ್ನು ಇವರ ಮೇಜಿನ ಮೇಲೆ ಇಟ್ಟರಂತೆ.

"ಗೋವಿಂದಪ್ಪನವರ, ಕತ್ತರಿ ಎಲ್ಲಿ ಹೋತ್ರಿ? ಇದನ್ನ ನಂಬಿ ಯಾರರ ಕುದಸಲಾರದ ಕತ್ತರೀಲೆ ಹೊಕ್ಕಳಬಳ್ಳಿ ಕೊಯ್ದ್ರ ಕೂಸಿಗೆ ನಂಜ ಏರತೈತ್ರಿ."

ಪುಸ್ತಕಗಳನ್ನು ತಿರುಗಿ ತರಿಸಿ ಚೀಟಿ ಅಂಟಿಸಿದರು. ಮುಗದದ ಕಡೆಗೆ ಹೋದ ಏಳು ಪುಸ್ತಕ ಬರಲೇ ಇಲ್ಲ. ಆ ಏಳರಿಂದ ಯಾರ ಮನೆಯಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಅದು ನನ್ನ ಗಂಡನ ಊರು. ಹೋಗಿ ಕೇಳಬಹುದಾಗಿತ್ತು. ಹೋಗಲಿಲ್ಲ.

ಆ ಸಂಜೆ ಅವರು ಕೈಬರಹದ ಹಾಳೆಗಳನ್ನು ನೆಲದ ಮೇಲೆ ಹರವಿದರು.

"ಈ ಸಾಲಿಗೆ ಬೆರಳ ಇಟ್ಟಿದ್ದೇನು, ಶೇವಂತಿ?"

"ಇಟ್ಟಿದ್ದೆ."

ಉಳಿದ ಹಾಳೆಗಳಲ್ಲಿ ಸಾಲುಸಾಲಿಗೂ ನನ್ನ ಬೆರಳಿನ ಮಾಸಲು ಗೆರೆಯಿತ್ತು. ಆ ಹಾಳೆ ಬೆಳ್ಳಗಿತ್ತು. ಅವರು ನೋಡಿದರು. ನಾನೂ ನೋಡಿದೆ. ಅವರು ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿದರು.

ಮಾಲಕರಿಗೆ ಇಷ್ಟೇ ಬೇಕಾಗಿತ್ತು. ನಿಮ್ಮ ಕಾರ್ಯದರ್ಶಿಯೇ ಇಡೀ ಸಾಲು ನುಂಗಿದ್ದಾನೆ, ನಿಮಗೆ ಓದುವವರನ್ನು ಬೇರೆ ಕೊಡಬೇಕೇ ಎಂದರು. ರವಿವಾರ ಮಹಾಂತಯ್ಯನವರು ನಮ್ಮ ಮನೆಗೆ ಬಂದರು. ಚಹಾ ಕೊಟ್ಟೆ. ಅದನ್ನು ಮುಟ್ಟದೆ ನನ್ನನ್ನು ಕರೆದರು. ಇವರು ಬಾಗಿಲ ಹತ್ತಿರ ನಿಂತಿದ್ದರು.

"ತಂಗೆವ್ವ, ನಾ ಮೂವತ್ತು ವರ್ಷ ಈ ಕೆಲಸ ಮಾಡೇನಿ. ಒಬ್ಬಾಂವನ ಎರಡೂ ಕಾಗದ ನೋಡಿದ್ರ ಹಿಂಗ ಸಾಲು ಹಾರೂದಿಲ್ಲ. ಓದಾವ್ರು ಹಾರಿಸಿದ್ರ ಮಾತ್ರ ಹಾರತೈತಿ. ಯಾರು ಓದಿದ್ರು?"

ನಾನು ಒಲೆಯ ಕಡೆಗೆ ತಿರುಗಿದೆ.

"ಬೈಯಾಕ ಬಂದಿಲ್ಲವಾ. ಮನ್ಯಾಗ ಓದಿಸಿದ್ದು ತಪ್ಪು, ಖರೇ. ಆದ್ರ ನೀ ಓದೀನಿ ಅಂದ್ರ ನಾ ಮಾಲಕರ ಮುಂದ ನಿಂದರತೇನಿ. ನೋಡ್ರಿ, ನೀವು ಓದಾವ್ರನ್ನ ಕೊಡಲಿಲ್ಲ, ರೊಟ್ಟಿ ಬಡಿಯೂ ಹೆಣಮಗಳು ಓದಬೇಕಾತು, ಹಿಂಗಾತು ಅಂತೇನಿ. ಅವರ ಬಾಯಿ ಕಟ್ಟತೈತಿ. ಹೇಳು."

ನನ್ನ ಕಣ್ಣ ಮುಂದೆ ಮುಗದದ ಯಾವುದೋ ಮನೆಯ ಕೂಸು ಬಂತು. ಕೂಸು ಕೊಂದವಳು ಎನ್ನುತ್ತಾರೆ ಎಂದು ಹೆದರಿದೆ. ಈ ಜಾತಿಯವರಿಗೆ ಓದು ಯಾಕೆ ಬೇಕಿತ್ತು ಎನ್ನುತ್ತಾರೆ ಎಂದೂ ಹೆದರಿದೆ.

"ನನಗ ಓದಾಕ ಬರೂದಿಲ್ರಿ ಅಯ್ಯಾರ" ಎಂದೆ. "ಸಹಿ ಅಷ್ಟ ಬರತೈತಿ."

ಐದಾರು ವರ್ಷ ದಿನಾ ಮುಂಜಾನೆ ಓದಿದ ಬಾಯಿಂದಲೇ ಹೇಳಿದೆ. ಮಹಾಂತಯ್ಯನವರು ಇವರ ಕಡೆಗೆ ತಿರುಗಿದರು. ಇವರು ನನ್ನನ್ನು ನೋಡಲಿಲ್ಲ.

"ನಾನಽ ಓದೇನ್ರಿ. ನಾನಽ ನೋಡೇನಿ. ಕಣ್ಣು ತಪ್ಪಿತು."

ಆರಿದ ಚಹಾವನ್ನು ಮಹಾಂತಯ್ಯನವರು ಒಂದೇ ಗುಟುಕಿಗೆ ಕುಡಿದು ಎದ್ದರು.

ಮುಂದಿನ ಸಭೆಯಲ್ಲಿ ಇವರನ್ನು ಕಾರ್ಯದರ್ಶಿಯ ಜಾಗದಿಂದ ಇಳಿಸಿದರು. ಸಭೆಯ ಪುಸ್ತಕ ಬರೆಯುವುದು ಕಾರ್ಯದರ್ಶಿಯ ಕೆಲಸ. ಹಾಗಾಗಿ ಅದನ್ನೂ ಇವರೇ ಬರೆದರಂತೆ. "ಕಾರ್ಯದರ್ಶಿಯ ಅಲಕ್ಷ್ಯದಿಂದ" ಎಂದು ಬರೆದು, ಸಹಿ ಮಾಡಿ, ಪುಸ್ತಕ ಒಪ್ಪಿಸಿ ಬಂದರು. ಮನೆಯಲ್ಲಿ ಆ ಮಾತು ತೆಗೆಯಲಿಲ್ಲ.

ಓದುವವರನ್ನು ಕೇಳುವ ಅರ್ಜಿ ಅಲ್ಲಿಗೇ ನಿಂತಿತು. ಇವರು ಮುಂಜಾನೆ ಒಬ್ಬರೇ ಕೂಡತೊಡಗಿದರು. ಎಡಗೈ ಬೆರಳು ಕೈಬರಹದ ಮೇಲೆ, ಬಲಗೈ ಪೆನ್ನು ಕರಡಿನ ಮೇಲೆ. ಅಲ್ಲಿ ಒಮ್ಮೆ ನೋಡುವುದು, ಇಲ್ಲಿ ಒಮ್ಮೆ ನೋಡುವುದು. ಒಂದು ತಾಸಿನ ಕೆಲಸ ಮೂರು ತಾಸಾಯಿತು. ಕಣ್ಣು ಕೆಂಪಾಗಿ ನೀರು ಸೋರುತ್ತಿತ್ತು. ನೋಡಲಾರದೆ ಒಂದು ದಿನ ಎದುರಿಗೆ ಹೋಗಿ ಕೂತೆ. ಕೈ ತೊಳೆದುಕೊಂಡಿದ್ದೆ. ಕೈಬರಹಕ್ಕೆ ಕೈ ಚಾಚಿದೆ.

ಅವರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಸಿಟ್ಟಿನಿಂದಲ್ಲ.

"ನಿನಗ ಓದಾಕ ಬರೂದಿಲ್ಲಲ್ಲ, ಶೇವಂತಿ" ಎಂದರು. ಸಣ್ಣಗೆ ನಕ್ಕರು.

ಆಮೇಲೆ ನಾಲ್ಕು ವರ್ಷ ಬದುಕಿದ್ದರು. ಊಟ ಬಡಿಸಿದೆ, ಅಂಗಿ ಒಗೆದೆ. ತಪ್ಪು ನನ್ನದು ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ. ಹೋದ ವರ್ಷ ಮಾರ್ಚಿನಲ್ಲಿ ಎದೆನೋವು ಬಂತು. ದವಾಖಾನೆಯಲ್ಲಿ ಎರಡು ದಿನ ಇದ್ದರು. ಎರಡು ದಿನವೂ ಮಾತಾಡುವಷ್ಟು ಎಚ್ಚರವಿತ್ತು. ಆಗಲೂ ಹೇಳಲಿಲ್ಲ.

ನಾಲ್ಕು ಸಾಲು ಕೇಳಲು ಮೊನ್ನೆ ಮಹಾಂತಯ್ಯನವರೇ ಬಂದಿದ್ದರು. ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೋಲನ್ನು ಗೋಡೆಗೆ ಆನಿಸಿದರು.

"ಆತು ಬಿಡವಾ. ಹೋದ ಮಾತು."

"ಹೋಗಿಲ್ರಿ. ಸಂಘದ ಪುಸ್ತಕದಾಗ ಅಲಕ್ಷ್ಯ ಅಂತ ಐತಿ. ಅದನ್ನ ಹೊಡದ ಹಾಕ್ರಿ."

"ಬರದದ್ದು ಹೊಡಿಯಾಕ ಬರೂದಿಲ್ಲ. ಕೆಳಗ ಬರೀಬಹುದು. ಬರದಾವ್ರು ಸಹಿ ಮಾಡಬೇಕು."

ಮರುದಿನ ಸಭೆಯ ಪುಸ್ತಕ ತಂದರು. ನನ್ನ ಗಂಡನ ಅಕ್ಷರ ಗುರುತಾಯಿತು. ಮೊದಲು ಓದಿದೆ, ಗಟ್ಟಿಯಾಗಿ, ಸಾಲುಸಾಲಿಗೂ ಬೆರಳಿಟ್ಟು. ಅಲ್ಪವಿರಾಮ, ಪೂರ್ಣವಿರಾಮ ಬಿಡಲಿಲ್ಲ. ಮಹಾಂತಯ್ಯನವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ನನ್ನ ಗಂಡನ ಕೆಂಪು ಪೆನ್ನಿನಿಂದಲೇ ಕೆಳಗೆ ಬರೆದೆ. "ಕೈಬರಹ ಓದಿದವಳು ನಾನು. ಬೆರಳು ಇಟ್ಟಿರಲಿಲ್ಲ. ಕೇಳಿದಾಗ ಸುಳ್ಳು ಹೇಳಿದೆ. ಶೇವಂತೆವ್ವ ಗೋವಿಂದಪ್ಪ."

ಶಾಯಿ ಆರುವ ತನಕ ಮಹಾಂತಯ್ಯನವರು ಪುಸ್ತಕವನ್ನು ತೆರೆದೇ ಹಿಡಿದಿದ್ದರು. ಹೋಗುವಾಗ ಅಂಗಳದಲ್ಲಿ ನಿಂತು ತಿರುಗಿದರು.

"ಛಲೋ ಓದ್ತೀಯವಾ" ಎಂದರು. "ಅವತ್ತ ಹೇಳಿದ್ದ್ಯಂದ್ರ ಎಲ್ಲಾ ಛಾಪಖಾನ್ಯಾಗೂ ಓದಾವ್ರು ಬರತಿದ್ರು. ಇವತ್ತಿಗೂ ಕೊಟ್ಟಿಲ್ಲ, ನೋಡು."